ಬಾಯಲ್ಲಿ ಉಳಿದ ಭಾಷಣ

ಲೋಟದ ಅಂಚಿನ ಮೇಲೆ ಬೆಳಕು ಕೂದಲೆಳೆಯಷ್ಟು ಕೂತಿದೆ, ಪಕ್ಕದ ಕೋಣೆಯಲ್ಲಿ ಹೆಂಡತಿ ನಡೆದಾಡಿದರೆ ಅದೂ ಅಲುಗುತ್ತದೆ, ಒಳಗಿರುವುದರ ಹೆಸರು ಅವನಿಗೆ ಗೊತ್ತು, ಗೊತ್ತಿಲ್ಲದೆ ಏನು, ಹುಟ್ಟಿದಾಗಿನಿಂದ ಕುಡಿದದ್ದು, ಎರಡೇ ಅಕ್ಷರ, ತಲೆಯೊಳಗೆ ತಣ್ಣಗೆ ಇದೆ, ಬಾ ಎಂದು ಕರೆದರೆ ಮಾತ್ರ ಹಟಮಾರಿ ಮಗುವಿನಂತೆ ಇನ್ನಷ್ಟು ಹಿಂದಕ್ಕೆ ಸರಿಯುತ್ತದೆ, ನೋಡಿ ಸಾರ್, ನನ್ನ ಬಾಯಿ ನೋಡಿ, ಎದುರಿನ ಕುರ್ಚಿಯಲ್ಲಿ ಕೂತ ಮಾತಿನ ಮೇಡಂ ಹಲ್ಲಿನ ಹಿಂದೆ ನಾಲಿಗೆ ಒತ್ತಿ ತೋರಿಸುತ್ತಾಳೆ, ನ, ನ, ಅವನ ಬಾಯಿಂದ ಬರುವುದು ಅ, ಅವ್, ತುಟಿಯ ಬಲಗಡೆಯಿಂದ ಒಂದಿಷ್ಟು ಜೊಲ್ಲು, ಅವಳು ಅದನ್ನು ಒರೆಸುವ ರೀತಿಯಲ್ಲಿ ಅಸಹ್ಯವೂ ಇಲ್ಲ, ಅಯ್ಯೋ ಪಾಪವೂ ಇಲ್ಲ, ಮೇಜು ಒರೆಸಿದ ಹಾಗೆ ಒರೆಸುತ್ತಾಳೆ, ಅದಕ್ಕೇ ಅವಳು ಅವನಿಗೆ ಇಷ್ಟ. ಮಾತಿನ ಮೇಡಂ ಎಂಬುದು ಹೆಂಡತಿ ಇಟ್ಟ ಹೆಸರು, ತಲೆಯೊಳಗೆ ರಕ್ತನಾಳವೊಂದು ಒಡೆದು ಬಲಗೈಯೂ ಮಾತೂ ಒಂದೇ ದಿನ ಕೈಕೊಟ್ಟ ಮೇಲೆ ಆಸ್ಪತ್ರೆಯವರು ಕಳಿಸಿದ ಹುಡುಗಿ, ಮಾತು ಕಲಿಸುವುದಕ್ಕೆ, ಯಾರಿಗೆ, ಒಂದು ದೇಶವನ್ನು ಬರೀ ಮಾತಿನಲ್ಲೇ ಆಳಿದವನಿಗೆ, ರೇಡಿಯೋದಲ್ಲಿ ಅವನು ಸುಮ್ಮನೆ ಗಂಟಲು ಸರಿಮಾಡಿಕೊಂಡರೂ ಊರೂರಿನ ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದರು, ಪರವಾಗಿಲ್ಲ ಸಾರ್, ಬರಲ್ಲ ಅಂದ್ರೆ ಬಿಡಿ, ನಮ್ಮ ದಾರೀಲೇ ಹೋಗೋಣ, ಭಾಷಣ ಶುರು ಮಾಡಿ.

ನಮ್ಮ ದಾರಿ. ಆ ದಾರಿ ಸಿಕ್ಕಿದ್ದು ಆಸ್ಪತ್ರೆಯಲ್ಲಿ, ಡಾಕ್ಟರು ಹೆಸರೇನು ಎಂದು ಕೇಳಿದರೆ ಬಾಯಿ ತೆರೆದು ಮುಚ್ಚಿದ, ಹೆಂಡತಿಯನ್ನು ತೋರಿಸಿ ಇವರು ಯಾರು ಎಂದರೆ ಕಣ್ಣಲ್ಲಿ ನೀರು ಬಂತೇ ಹೊರತು ಹೆಸರು ಬರಲಿಲ್ಲ, ಅವಳೋ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಏನು ಬೇಕು ಹೇಳಿ, ಏನು ಬೇಕು ರೀ, ಆಗ ಬಂತು, ಎಲ್ಲಿತ್ತೋ, ಒಂದು ತೊದಲಿಲ್ಲ, ತಡೆಯಿಲ್ಲ, ಹಳೆಯ ದನಿಯಲ್ಲೇ, ನನ್ನ ಪ್ರೀತಿಯ ಜನರೇ, ನೀರಿನಾಚೆಯವರು ನಮ್ಮ ಬಾಗಿಲು ಬಡಿದಿದ್ದಾರೆ, ಬೆಳಕು ಆರಿಸಿ ಮಲಗಿದ್ದ ಮನೆಗಳ ಮೇಲೆ ಕೈ ಮಾಡಿದ್ದಾರೆ, ನಿಮ್ಮ ಮಕ್ಕಳನ್ನು ಕೇಳುವ ಮೊದಲು ನನ್ನ ಮನೆಯ ಮಗನನ್ನು ಕೊಡುತ್ತಿದ್ದೇನೆ, ತಪ್ಪು ನಮ್ಮದಲ್ಲ — ಯುದ್ಧ ಸಾರಿದ ದಿನದ ಭಾಷಣ, ಶಾಲೆಯ ಮಕ್ಕಳು ಇವತ್ತಿಗೂ ಬಾಯಿಪಾಠ ಮಾಡುವ ಭಾಷಣ, ವಾರ್ಡಿನ ನೆಲ ಒರೆಸುತ್ತಿದ್ದ ಹೆಂಗಸು ಕೋಲು ಗೋಡೆಗೆ ಒರಗಿಸಿ ನೆಟ್ಟಗೆ ನಿಂತುಬಿಟ್ಟಳು, ಎದುರು ಮಂಚದ ಮುದುಕ ಸಲಾಂ ಹೊಡೆದ, ಭಾಷಣ ಆಡಿದವನಿಗೋ ಒಂದಕ್ಕೆ ಹೋಗಬೇಕಿತ್ತು ಅಷ್ಟೆ. ಮೇಡಂ ಆಮೇಲೆ ಹೆಂಡತಿಗೆ ತಿಳಿಸಿ ಹೇಳಿದಳು, ಯೋಚಿಸಿ ಆಡೋ ಮಾತು ಇರೋ ಜಾಗ ಹಾಳಾಗಿದೆ ಅಮ್ಮಾ, ಬಾಯಿಗೆ ರೂಢಿಯಾಗಿರೋದು ಬೇರೆ ಕಡೆ ಇರುತ್ತೆ, ಕೆಲವರಿಗೆ ಹಾಡು ಉಳಿಯುತ್ತೆ, ಕೆಲವರಿಗೆ ಮಗ್ಗಿ ಉಳಿಯುತ್ತೆ, ಕೆಲವರಿಗೆ ಬೈಗುಳ ಮಾತ್ರ ಉಳಿಯುತ್ತೆ, ಇವರಿಗೆ ಇದು ಉಳಿದಿದೆ, ಉಳಿದದ್ದರಿಂದಲೇ ಹೋದದ್ದನ್ನು ಕಟ್ಟಬೇಕು. ಹಾಡು ಉಳಿಯಬಾರದಿತ್ತೇ, ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಹೇಳಿದ್ದ ಒಂದಾದರೂ ಮಾತು, ಅದು ಉಳಿಯಬಾರದಿತ್ತೇ, ಎಷ್ಟು ಸಲ ಆಡಿದರೆ ಉಳಿಯುತ್ತಿತ್ತೋ ಅಷ್ಟು ಸಲ ಆಡಲಿಲ್ಲ, ಪುರುಸೊತ್ತೆಲ್ಲಿತ್ತು, ಭಾಷಣವನ್ನು ಮಾತ್ರ ಮೈದಾನ ಮೈದಾನದಲ್ಲಿ ಮತ್ತೆ ಮತ್ತೆ ಆಡಿದ.

ಈಗ ಮನೆ ನಡೆಯುತ್ತಿರುವುದು ಆ ಭಾಷಣದಲ್ಲೇ. ಶುರುವಿನಿಂದ ಹೊರಡಬೇಕು, ನಡುವಿನಿಂದ ಹತ್ತುವುದಕ್ಕಾಗುವುದಿಲ್ಲ, ಬೇಕಾದ ಮಾತು ಬಂದ ಕೂಡಲೇ ಇಳಿದುಬಿಡಬೇಕು, ಮೇಡಂ ಬೆರಳಲ್ಲಿ ಮೇಜು ತಟ್ಟುತ್ತಾಳೆ, ನನ್ನ ಪ್ರೀತಿಯ ಜನರೇ ನೀರು, ಟಕ್, ನಿಲ್ಲಿಸಿ ಸಾರ್, ನೀರು, ಭೇಷ್, ತಗೊಳ್ಳಿ ನೀರು — ಲೋಟ ತುಟಿಗೆ ಬರುತ್ತದೆ, ತಣ್ಣಗಿದೆ, ಗಂಟಲಲ್ಲಿ ಇಳಿಯುತ್ತದೆ, ಅಂಚಿನ ಬೆಳಕು ಮೂಗಿನ ಹತ್ತಿರ ಬಂದು ಚೂರಾಗುತ್ತದೆ. ಇನ್ನಷ್ಟು ದೂರ ಹೋದರೆ ಬಾಗಿಲು, ಇನ್ನಷ್ಟು ಹೋದರೆ ಬೆಳಕು, ಆಮೇಲೆ ಮಲಗು, ದೀಪ ಆರಿಸಿ ಎನ್ನಬೇಕಾದರೆ ಆಚೆಯವರನ್ನು ನದಿ ದಾಟಿಸಿ ಊರೊಳಗೆ ತಂದು ಬಾಗಿಲು ಬಡಿಸಿಯೇ ತೀರಬೇಕು, ಒಂದು ಗುಟುಕು ನೀರಿಗೆ ಯುದ್ಧ ಸಾರ್ತೀರಲ್ರೀ, ಹೆಂಡತಿ ನಗುತ್ತಾಳೆ, ಪುಣ್ಯಕ್ಕೆ ಕಾಫಿ ಅನ್ನೋ ಮಾತು ನಿಮ್ಮ ಭಾಷಣದಲ್ಲಿಲ್ಲ, ಇದ್ದಿದ್ರೆ ಇನ್ಯಾವ ದೇಶ ಸುಡ್ತಿದ್ರೋ. ಅವಳು ತಮಾಷೆಗೆ ಹೇಳಿದ್ದು, ಅವನು ಬಾಯಿಯ ಎಡಗಡೆಯಿಂದ ನಕ್ಕ, ನಕ್ಕ ಮೇಲೆ ಒಳಗೆ ಏನೋ ಚುಚ್ಚಿತು, ಎಷ್ಟು ನಿಜ, ಆಚೆಯವರಿಲ್ಲದೆ ಅವನಿಗೆ ಆಗಲೂ ಏನೂ ಹುಟ್ಟುತ್ತಿರಲಿಲ್ಲ, ಆ ವರ್ಷ ನೆನಪಿದೆ, ಗಿರಣಿಗಳು ಮುಚ್ಚಿದ್ದವು, ಕೂಲಿ ಕೇಳಿದವರ ಮೇಲೆ ಪೊಲೀಸರು ಲಾಠಿ ಬೀಸಿದ್ದರು, ಅವನ ಕಾರಿಗೆ ಕಲ್ಲು ಬಿದ್ದಿತ್ತು, ಮಂತ್ರಿಗಳು ಒಬ್ಬರ ಮುಖ ಒಬ್ಬರು ನೋಡದೆ ಬೆನ್ನು ತಿರುಗಿಸಿ ಕೂರುತ್ತಿದ್ದರು, ಕುರ್ಚಿ ಇವತ್ತೋ ನಾಳೆಯೋ ಎನ್ನುವ ಹಾಗಿತ್ತು, ಭಾಷಣವಾದ ಮರುದಿನ ಕಲ್ಲು ಹೊಡೆದವರೇ ಆಸ್ಪತ್ರೆಯ ಮುಂದೆ ರಕ್ತ ಕೊಡಲು ಸಾಲು ನಿಂತರು, ತೋಳು ಮಡಚಿಕೊಂಡು, ನಗುತ್ತಾ, ಎಷ್ಟು ಚಂದ ಕಂಡರು ಆ ಜನ ಅವತ್ತು, ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡುತ್ತಿದ್ದರು, ಅವನು ಕಾರಿನ ಗಾಜು ಇಳಿಸಿ ನೋಡಿ ಅತ್ತ, ಸುಳ್ಳು ಅಳುವಲ್ಲ, ನಿಜವಾಗಿಯೇ ಅತ್ತ.

ಆಚೆಯ ದೇಶ ಆಳುತ್ತಿದ್ದ ಮೀಸೆಯವನಿಗೂ ಹಾಗೇ ಆಗಿರಬೇಕು. ಮೀಸೆಯವನು ಎಂದೇ ಇಲ್ಲಿ ಅವನಿಗೆ ಹೆಸರು, ಗೋಡೆಯ ಮೇಲೆಲ್ಲ ಆ ಮೀಸೆಯ ಚಿತ್ರ ಬರೆದು ಹಲ್ಲು ಸೇರಿಸುತ್ತಿದ್ದರು, ಆಚೆ ಇವನ ಬೋಳುತಲೆಯ ಚಿತ್ರಕ್ಕೆ ಕೊಂಬು ಸೇರಿಸುತ್ತಿದ್ದರಂತೆ, ಯುದ್ಧಕ್ಕೆ ಮುಂಚೆ ಒಮ್ಮೆ ಯಾವುದೋ ಸಭೆಯಲ್ಲಿ ಇಬ್ಬರೂ ಅಕ್ಕಪಕ್ಕದ ನಲ್ಲಿಗಳಲ್ಲಿ ಕೈ ತೊಳೆದಿದ್ದರು, ಸೋಪಿನ ನೊರೆ ಉಜ್ಜುತ್ತಾ ಕನ್ನಡಿಯಲ್ಲಿ ಇವನನ್ನು ನೋಡಿ ಮೀಸೆಯವನು ಹೇಳಿದ, ನೀವು ಗಟ್ಟಿಮುಟ್ಟಾಗಿ ಇರಬೇಕು ಸ್ವಾಮಿ, ನೀವು ಹೋದರೆ ನನ್ನ ಕಥೆ ಮುಗಿಯಿತು, ಇಬ್ಬರೂ ನಕ್ಕರು, ಒರೆಸಿಕೊಳ್ಳಲು ಒಂದೇ ಟವೆಲ್ ಇತ್ತು, ಆ ಕೊನೆಯಲ್ಲಿ ಅವನು, ಈ ಕೊನೆಯಲ್ಲಿ ಇವನು. ಅವನು ಕಾಯಿಲೆಯಲ್ಲಿ ಸತ್ತ ಸುದ್ದಿ ಬಂದ ದಿನ ಇವನಿಗೆ ಊಟ ಸೇರಲಿಲ್ಲ, ಏನ್ರೀ ಇದು, ಒಡಹುಟ್ಟಿದವನು ಹೋದ ಹಾಗೆ ಕೂತಿದ್ದೀರಲ್ಲ ಎಂದಳು ಹೆಂಡತಿ, ಹೌದು, ಹಾಗೇ ಅನಿಸಿತ್ತು, ಅಷ್ಟು ಹೊತ್ತಿಗೆ ಯುದ್ಧ ನಿಂತು ವರ್ಷಗಳಾಗಿದ್ದವು, ಜನ ಬೀದಿದೀಪಕ್ಕೂ ಚರಂಡಿಗೂ ಇವನನ್ನು ಬೈಯಲು ಶುರುಮಾಡಿದ್ದರು, ಚುನಾವಣೆಯಲ್ಲಿ ಮಕಾಡೆ ಮಲಗಿಸಿದ್ದರು, ತಪ್ಪೇನಿಲ್ಲ, ಬೀದಿದೀಪ ಉರಿಯುತ್ತಿರಲಿಲ್ಲ. ಆದರೆ ಇವನ ನಂತರ ಬಂದವರೂ ಕುರ್ಚಿ ಅಲುಗಿದಾಗೆಲ್ಲ ಇವನ ದನಿಯನ್ನೇ ರೇಡಿಯೋದಲ್ಲಿ ಹಾಕಿಸುತ್ತಾರೆ, ನೀರಿನಾಚೆಯವರು, ಅದು ಇನ್ನು ಇವನದಲ್ಲ, ಇವನು ಸತ್ತರೂ ಅದು ಸಾಯುವುದಿಲ್ಲ, ಬಾಗಿಲು ಬಡಿದಿದ್ದಾರೆ, ಬಡಿದಿದ್ದರೇ, ಸೇತುವೆಯ ಪಕ್ಕದ ಸುಂಕದ ಗುಡಿಸಲು ಸುಟ್ಟುಹೋಗಿತ್ತು ಅಷ್ಟೆ, ಅಲ್ಲಿನ ಅಧಿಕಾರಿ ಫೋನಿನಲ್ಲಿ ಹೇಳಿದ್ದ, ಸಾರ್, ಅವರೇ ಇರಬಹುದು, ನಮ್ಮವರ ಒಲೆಯಿಂದಲೂ ಇರಬಹುದು, ಇವನು ಗದರಿಸಿದ, ಇರಬಹುದು ಅನ್ನೋದನ್ನ ರೇಡಿಯೋದಲ್ಲಿ ಹೇಳಕ್ಕಾಗುತ್ತೇನಯ್ಯಾ, ಆ ಕಡೆಯಿಂದ, ಹಾಗಾದರೆ ಅವರೇ ಸಾರ್.

ಇನ್ನೊಂದು ಸಲ ಸಾರ್, ಈಗ ನಮ್ಮ ದೊಡ್ಡ ಮಾತು, ತಪ್ಪು ಅನ್ನೋದರ ತನಕ ಹೋಗಿ, ನಾನು ತಟ್ಟಿದ ಕೂಡಲೇ ನಿಲ್ಲಿಸಬೇಕು. ಈ ಮಾತನ್ನು ಆರಿಸಿದವನು ಅವನೇ, ಭಾಷಣ ಆಡುತ್ತಾ ಆಡುತ್ತಾ ಅಲ್ಲಿಗೆ ಬಂದಾಗ ಎಡಗೈಯಲ್ಲಿ ಅವಳ ಕೈ ಹಿಡಿದುಕೊಂಡ, ಇದಾ ಸಾರ್, ಇದು ಬೇಕಾ, ಹೂಂ ಎಂದು ತಲೆಯಾಡಿಸಿದ, ಯಾರಿಗೆ ಹೇಳೋದಕ್ಕೆ, ನೀವು ಕೇಳಬೇಡಿ ಮೇಡಂ ಎನ್ನುವ ಹಾಗೆ ಕಣ್ಣು ಮುಚ್ಚಿದ, ಅವಳು ಕೇಳಲಿಲ್ಲ, ಕೇಳದೆ ಇರುವುದು ಅವಳಿಗೆ ಗೊತ್ತು, ಒಮ್ಮೆ ಮಾತ್ರ ಅವನ ದವಡೆ ಒತ್ತಿ ಹಿಡಿದು ತ ಎನ್ನಿಸುತ್ತಾ ಸುಮ್ಮನೆ ಹೇಳಿದ್ದಳು, ನಮ್ಮಮ್ಮ ಆಚೆ ದಡದವರು ಸಾರ್, ಈ ತ ನಾನು ಅವರ ಹತ್ರಾನೇ ಕಲಿತದ್ದು, ಅವರು ಇದನ್ನ ತುಂಬ ಮೆತ್ತಗೆ ಅಂತಾರೆ, ಅಂದು ಮತ್ತೆ ದವಡೆ ಒತ್ತಿದಳು, ಅವನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತ್ತು, ಅವಳಿಗೋ ಅದು ಯಾವ ದೊಡ್ಡ ವಿಷಯವೂ ಅಲ್ಲ, ನಾಲಿಗೆ ಮೇಲಕ್ಕೆ ಸಾರ್, ಇನ್ನೂ ಮೇಲಕ್ಕೆ. ಹೊರಡುತ್ತಾನೆ, ನನ್ನ ಪ್ರೀತಿಯ ಜನರೇ, ನೀರು ದಾಟುತ್ತದೆ, ಬಾಗಿಲು, ಬೆಳಕು, ನಿಮ್ಮ ಮಕ್ಕಳನ್ನು ಕೇಳುವ ಮೊದಲು, ಇಲ್ಲಿ ಯಾವಾಗಲೂ ಇಳಿಯುತ್ತದೆ ದನಿ, ಬಾವಿಗೆ ಬಿಟ್ಟ ಕೊಡದಂತೆ, ನನ್ನ ಮನೆಯ ಮಗನನ್ನು, ಬರೀ ಗಾಳಿ, ತಪ್ಪು, ಟಕ್, ನಮ್ಮದಲ್ಲ — ಅಯ್ಯೋ, ಜಾರಿಬಿಟ್ಟಿತು ಸಾರ್, ಪರವಾಗಿಲ್ಲ, ಆದರೆ ಅಲ್ಲಿ ಯಾಕೆ ದನಿ ಇಳಿಯುತ್ತೆ ನಿಮಗೆ, ರೇಡಿಯೋದಲ್ಲಿ ಹಾಕ್ತಾರಲ್ಲ, ಅದರಲ್ಲಿ ಆ ಮಾತೇ ಎಲ್ಲಕ್ಕಿಂತ ಗಟ್ಟಿ, ಕೇಳಿದರೆ ಮೈ ಜುಮ್ ಅನ್ನುತ್ತೆ.

ಗಟ್ಟಿ. ಇಡೀ ದೇಶಕ್ಕೆ ಮೈ ಜುಮ್ಮೆನಿಸಿದ ಮಾತು, ಅಲ್ಲಿ ದನಿ ಇಳಿದದ್ದು ಇಬ್ಬರಿಗೆ ಮಾತ್ರ ಗೊತ್ತು, ಅವನಿಗೆ, ಸ್ಟುಡಿಯೋ ಗಾಜಿನ ಆಚೆ ಕೂತಿದ್ದ ಬುಗುರಿಗೆ. ಬುಗುರಿ, ಅಕ್ಕನ ಒಬ್ಬನೇ ಮಗ, ಮಗುವಾಗಿದ್ದಾಗ ಕೂತಲ್ಲಿ ಕೂರುತ್ತಿರಲಿಲ್ಲ ಎಂದು ಇವನೇ ಇಟ್ಟ ಹೆಸರು, ಅಪ್ಪನಿಲ್ಲದ ಹುಡುಗ, ಇವನ ಹೆಗಲ ಮೇಲೇ ಬೆಳೆದವನು, ಇವನ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ, ಮಗ ಎಂದರೆ ಅವನೇ, ದೊಡ್ಡವನಾಗಿ ರೇಡಿಯೋ ಸ್ಟೇಷನ್ನಿನಲ್ಲಿ ದನಿ ಹಿಡಿಯುವ ಕೆಲಸ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ದನಿಯ ಏರಿಳಿತ ತೋರಿಸುವ ಮುಳ್ಳನ್ನೇ ನೋಡುತ್ತಾ ಗುಂಡಿ ತಿರುಗಿಸುವ ಕೆಲಸ, ಅಲ್ಲಿ ಕೂತರೆ ಅಲುಗುತ್ತಿರಲಿಲ್ಲ, ಅಕ್ಕ ನೋಡಿ ನಗುತ್ತಿದ್ದಳು, ಬುಗುರಿ ನಿಂತಿತು ನೋಡು. ಕಣ್ಣು ಮಂದ, ಸೈನ್ಯಕ್ಕೆ ತಾನಾಗಿ ಹೋದರೆ ಮಾತ್ರ ತೆಗೆದುಕೊಳ್ಳುತ್ತಿದ್ದರು, ಯಾರೂ ಕರೆಯುತ್ತಿರಲಿಲ್ಲ, ಹೋಗುವ ಮಾತೂ ಇರಲಿಲ್ಲ. ಭಾಷಣ ಬರೆದುಕೊಂಡದ್ದರಲ್ಲಿ ಆ ಮಾತು ಇರಲೂ ಇಲ್ಲ, ಅದೇ ಇವನಿಗೆ ಇವತ್ತಿಗೂ ಬಿಡಿಸಲಾಗದ ಗಂಟು, ಓದುತ್ತಾ ಓದುತ್ತಾ ಮಕ್ಕಳನ್ನು ಕೇಳುವ ಜಾಗಕ್ಕೆ ಬಂದ, ಬರೀ ಕೇಳಿದರೆ ಕೊಡುತ್ತಾರೆಯೇ ಅನಿಸಿತು, ಏನೋ ಒಂದು ಕಡಿಮೆಯಾಗಿದೆ ಅನಿಸಿತು, ಮೇಲಕ್ಕೆ ನೋಡಿದ, ಗಾಜಿನಾಚೆ ಅವನಿದ್ದ, ದಪ್ಪ ಕನ್ನಡಕ, ಕೆದರಿದ ತಲೆ, ಬಾಯಿಗೆ ಬಂದುಬಿಟ್ಟಿತು, ನನ್ನ ಮನೆಯ ಮಗನನ್ನು ಕೊಡುತ್ತಿದ್ದೇನೆ. ಕೊಡುತ್ತಿದ್ದೇನೆ ಎನ್ನುವಾಗಲೇ ನಾಚಿಕೆಯಾಗಿ ದನಿ ಕುಸಿಯಿತು, ತನ್ನ ಕಿವಿಗೇ ಕೇಳದಷ್ಟು, ಗಾಜಿನಾಚೆ ಬುಗುರಿ ತಲೆಯೆತ್ತಿ ನೋಡಿದ, ಒಂದು ಗಳಿಗೆ, ಅವನ ಕೈಯಲ್ಲೇ ಇತ್ತು ಎಲ್ಲ, ಎಡಕ್ಕೆ ತಿರುಗಿಸಿದ್ದರೆ ಮಾತು ಅಲ್ಲೇ ಸತ್ತುಹೋಗುತ್ತಿತ್ತು, ಯಾರಿಗೂ ಕೇಳಿಸುತ್ತಿರಲಿಲ್ಲ, ಯಂತ್ರ ಕೆಟ್ಟಿತು ಎಂದರೆ ಮುಗಿಯುತ್ತಿತ್ತು — ಅವನು ಹೆಬ್ಬೆರಳು ತೋರುಬೆರಳು ಸೇರಿಸಿ ಗುಂಡಿಯನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದ, ಮಾವನ ದನಿ ಇಳಿಯುತ್ತಿದೆ ಎಂದು, ಎತ್ತಿಕೊಟ್ಟ. ಎರಡು ಬೆರಳು, ಮೆಲ್ಲಗೆ, ಬಲಕ್ಕೆ. ಆಮೇಲೆ ಬಾಗಿಲು ತೆರೆದುಕೊಂಡು ಒಳಗೆ ಬಂದ, ಮುಖ ಸ್ವಲ್ಪ ಬಿಳಿಚಿತ್ತು, ಚೆನ್ನಾಗಿ ಬಂತು ಮಾವ ಅಂದ, ಅಷ್ಟೇ ಅಂದ.

ಮನೆಗೆ ಹೋಗಿ ಅಮ್ಮನಿಗೆ ಅವನು ಹೇಳಿದ್ದೇ ಬೇರೆ. ನಾನೇ ಮಾವನ್ನ ಕೇಳ್ಕೊಂಡೆ ಅಮ್ಮಾ, ಅವರು ಬೇಡ ಅಂದ್ರು, ನಾನೇ ಹಟ ಹಿಡಿದೆ — ಅಕ್ಕ ಅದನ್ನು ನಂಬಿದಳು, ಅವಳು ಬಂದು ತಮ್ಮನ ಮುಂದೆ ಕೂತು ಅತ್ತಾಗ ಇವನು ಬಾಯಿ ಬಿಡಬೇಕಿತ್ತು, ಆಗ ಬಾಯಿ ಸರಿಯಾಗಿಯೇ ಇತ್ತು, ಮಾತಿಗೆ ಬರವಿರಲಿಲ್ಲ, ನಾನೇ ಅಕ್ಕ ಎಂದರೆ ಸಾಕಿತ್ತು, ಅನ್ನಲಿಲ್ಲ, ಆ ವಾರ ಅನ್ನಲಾಗಲಿಲ್ಲ, ಮುಂದಿನ ವಾರ ಹುಡುಗ ಹೊರಟುಹೋದ, ನದಿಯ ದಡದಲ್ಲಿ ಸೈನ್ಯದ ಫೋನಿನ ತಂತಿ ಎಳೆಯುತ್ತಿದ್ದಾಗ ಆಚೆಯಿಂದ ಬಂದ ಒಂದು ಗುಂಡು, ಆಮೇಲೆ ಹೇಳುವುದಕ್ಕೆ ಏನು ಉಳಿಯಿತು. ಮಣ್ಣು ಮಾಡುವಾಗ ಕ್ಯಾಮರಾಗಳ ಮುಂದೆ ಅಕ್ಕ ಇವನ ಹತ್ತಿರ ಬಂದಳು, ಹೊಡೆಯುತ್ತಾಳೆ ಎಂದುಕೊಂಡ, ಹೊಡೆದರೆ ಸಾಕು ಎಂದುಕೊಂಡ, ಅವಳು ಅವನ ಕೋಟಿನ ಗುಂಡಿ ಹಾಕಿದಳು, ಚಳಿ ಇದೆ ಮರಿ, ಎದೆ ಮುಚ್ಕೋ. ಸಿಟ್ಟೆಲ್ಲ ಸತ್ತ ಮಗನ ಮೇಲೆ, ಇಷ್ಟು ವರ್ಷವಾದರೂ ಬಿಟ್ಟಿಲ್ಲ, ಎಂಥ ಮಗ ನೋಡು, ಹೆತ್ತವಳನ್ನ ಒಂದು ಮಾತು ಕೇಳಲಿಲ್ಲ, ನನಗಿಂತ ನದಿ ದಡ ಹೆಚ್ಚಾಯ್ತು ಅವನಿಗೆ, ಅವನ ಫೋಟೋವನ್ನು ನಡುಮನೆಯಲ್ಲಿ ಹಾಕಿಲ್ಲ, ಒಳಗಿನ ಕೋಣೆಯಲ್ಲಿ ಹಾಕಿದ್ದಾಳೆ, ಮುನಿಸು ಕಳೆದ ಮೇಲೆ ಹೊರಗೆ ತರ್ತೀನಿ ಎನ್ನುತ್ತಾಳೆ, ಹೀಗೆ ಒಬ್ಬ ತಾಯಿ ಸತ್ತ ಮಗನ ಜೊತೆ ಟೂ ಬಿಟ್ಟು ಬದುಕುವುದನ್ನು ಇವನು ಪಕ್ಕದಲ್ಲೇ ಕೂತು ನೋಡುತ್ತಾ, ಮಂಡಿ ನೋವಿಗೆ ಏನು ಹಚ್ತೀಯಾ ಅಕ್ಕ ಎಂದು ಕೇಳುತ್ತಾ ಬಂದ. ಈಗ ಹೇಳಬೇಕು, ಈಗ ಬಾಯಿಲ್ಲ. ಎಡಗೈಯಲ್ಲಿ ಬರೆಯಲು ಹೋದರೆ ಬರೀ ಗೀಚು, ಕೇಳಿದ್ದಕ್ಕೆ ಹೂಂ ಉಹೂಂ ಎಂದು ತಲೆ ಆಡಿಸಬಲ್ಲ, ಯಾರೂ ಕೇಳದ್ದಕ್ಕೆ ಹೇಗೆ ಆಡಿಸುವುದು, ಇರುವುದು ಆ ಒಂದು ಮಾತು, ತಪ್ಪು ಎಂದು ಅಲ್ಲಿಗೇ ನಿಲ್ಲಿಸಿ ಎದೆಯ ಮೇಲೆ ಕೈ ಇಟ್ಟರೆ ಅಕ್ಕನಿಗೆ ತಿಳಿಯುತ್ತದೆ, ಅವಳಿಗೆ ಇವನ ಮುಖ ಓದಲು ಬರುತ್ತದೆ, ಚಿಕ್ಕಂದಿನಿಂದ ಓದಿದವಳು, ಆದರೆ ನಿಲ್ಲದೆ ಜಾರಿದರೆ, ಜಾರಿದರೆ ಅವಳ ಮುಖಕ್ಕೆ ಮುಖ ಕೊಟ್ಟು ತಪ್ಪು ನಮ್ಮದಲ್ಲ ಎಂದಹಾಗಾಗುತ್ತದೆ.

ಹೊರಗೆ ಕಾರಿನ ಬಾಗಿಲು, ಕೋಲಿನ ಸದ್ದು, ಅಕ್ಕ ಬಂದಳು, ಸೊಂಟ ಮುರಿದುಕೊಂಡು ಆಸ್ಪತ್ರೆಯಲ್ಲಿದ್ದವಳು, ಅವನು ಬಿದ್ದ ಮೇಲೆ ಅವಳು ಬರುತ್ತಿರುವುದು ಇದೇ ಮೊದಲು, ಬನ್ನಿ ಅತ್ತಿಗೆ, ಮೆಲ್ಲಗೆ, ಅಲ್ಲೊಂದು ಮೆಟ್ಟಿಲಿದೆ, ಗೊತ್ತು ಕಣೇ, ಸೊಂಟ ಮುರ್ದಿರೋದು, ಕಣ್ಣಲ್ಲ, ಹೆಂಡತಿ ನಗುತ್ತಾಳೆ, ಕಿವಿ ಮಿಷನ್ ಹಾಕಿಸ್ಕೊಂಡ್ರಂತೆ, ಹೂಂ, ಹಾಕ್ಕೊಂಡಿದ್ದೀನಿ, ಬೇಡದ್ದೆಲ್ಲ ಕೇಳುತ್ತೆ, ಬೇಕಾದ್ದು ಕೇಳಲ್ಲ. ಒಳಗೆ ಬಂದವಳು ಎಷ್ಟು ಚಿಕ್ಕವಳಾಗಿದ್ದಾಳೆ, ಕುಗ್ಗಿ, ಕುರ್ಚಿಯಲ್ಲಿ ಕೂತವನಿಗೂ ಅವಳು ಎತ್ತರ ಕಾಣುತ್ತಿಲ್ಲ, ಕೋಲನ್ನು ಮಂಚಕ್ಕೆ ಒರಗಿಸಿ ಅವನ ಕೆನ್ನೆ ಹಿಡಿದು ಅಲ್ಲಾಡಿಸುತ್ತಾಳೆ, ಏನೋ ಮರಿ, ದೇಶಕ್ಕೆಲ್ಲ ಮಾತು ಹಂಚಿ ಹಂಚಿ ಮನೆಗೆ ಇಲ್ದಂಗೆ ಮಾಡ್ಕೊಂಡ್ಯಾ, ಅವನು ನಗುತ್ತಾನೆ, ಅಳುತ್ತಾನೆ, ಎರಡೂ ಒಂದೇ ಸದ್ದು. ಇವತ್ತಿಗೆ ಸಾಕು ಸಾರ್, ಅಕ್ಕನ ಜೊತೆ ಇರಿ ನೀವು, ಮೇಡಂ ಎದ್ದುಬಿಟ್ಟಳು, ಬೇಡ, ಹೋಗಬೇಡ, ಮೇಜು ಯಾರು ತಟ್ಟುತ್ತಾರೆ, ಕಣ್ಣು ಅಗಲಿಸಿ ನೋಡಿದ, ಅವಳು ನೋಡಿದಳು, ತಿಳಿಯಿತೋ ಇಲ್ಲವೋ, ಅವನ ಎಡಗೈಯನ್ನು ಎತ್ತಿ ಮೇಜಿನ ಮೇಲೆ ಇಟ್ಟು ಒಂದು ಸಲ ಒತ್ತಿ, ಹೆಂಡತಿಯ ಹಿಂದೆ ಅಡುಗೆಮನೆಗೆ ಹೋದಳು. ಅಲ್ಲಿ ಲೋಟಗಳ ಸದ್ದಾಗುತ್ತಿದೆ, ಹಾಲು ಉಕ್ಕಿದ ವಾಸನೆ ಬರುತ್ತಿದೆ.

ಅಕ್ಕ ಮೇಡಂನ ಕುರ್ಚಿಯಲ್ಲಿ ಕೂತಿದ್ದಾಳೆ, ಬೆಳಿಗ್ಗೆ ತಿಂದದ್ದು, ಕಾರಿನವನು ಸುತ್ತು ಹಾಕಿಸಿದ್ದು, ನರ್ಸಿನ ಮದುವೆ, ಎಲ್ಲ ಹೇಳುತ್ತಿದ್ದಾಳೆ, ಹೇಳುತ್ತಾ ಅವನ ಪಂಚೆಯ ಮೇಲಿನ ಬ್ರೆಡ್ಡಿನ ಚೂರುಗಳನ್ನು ಹೆಕ್ಕುತ್ತಿದ್ದಾಳೆ, ಈಗಲೇ, ಈಗಿಲ್ಲದಿದ್ದರೆ ಇಲ್ಲ, ಅವನು ಉಸಿರೆಳೆದ, ನನ್ನ ಪ್ರೀತಿಯ ಜನರೇ — ಅಯ್ಯೋ ಭಾಷಣ ಬೇಡ್ವೋ, ನಾನೇನು ಓಟು ಹಾಕ್ಬೇಕಾ ನಿಂಗೆ, ನೀರಿನಾಚೆಯವರು, ನೀರು ಬೇಕಾ ಮರಿ, ನಿನ್ನ ಹೆಂಡ್ತಿ ಹೇಳಿದ್ಲು ಫೋನಲ್ಲಿ, ನೀರು ಬೇಕಂದ್ರೆ ಹೀಗೇ ಕೇಳ್ತೀಯಂತೆ, ಲೋಟ ಎತ್ತಿದಳು, ಉಹೂಂ, ತಲೆಯಾಡಿಸಿದ, ನಮ್ಮ ಬಾಗಿಲು, ಹಾಕ್ಲಾ ಬಾಗಿಲು, ಉಹೂಂ ಅಕ್ಕ ಉಹೂಂ, ಎಲ್ಲಿಯೂ ಇಳಿಯುವುದಿಲ್ಲ, ಮುಂದಕ್ಕೆ, ಬೆಳಕು, ಮಲಗಿದ್ದ ಮನೆಗಳ ಮೇಲೆ ಕೈ, ಅವಳು ಲೋಟ ಕೆಳಗಿಟ್ಟಳು, ಇವನು ಎಲ್ಲಿಗೆ ಹೊರಟಿದ್ದಾನೆ ಎಂದು ಅವಳ ಮುಖಕ್ಕೆ ಗೊತ್ತಾಗುತ್ತಿದೆ, ಆ ಮಾತು ಅವಳಿಗೂ ಬಾಯಿಪಾಠ, ವರ್ಷ ವರ್ಷ ಕೇಳಿದವಳು, ರೇಡಿಯೋ ಆರಿಸದೆ ಕೇಳಿದವಳು, ಮಗನನ್ನು ಬೈಯಲು ಕೇಳಿದವಳು, ನಿಮ್ಮ ಮಕ್ಕಳನ್ನು ಕೇಳುವ ಮೊದಲು, ಇಳಿಯಬೇಡ, ದನಿಯೇ ಇಳಿಯಬೇಡ, ಇಳಿಯಿತು, ನನ್ನ ಮನೆಯ ಮಗನನ್ನು, ಬರೀ ಗಾಳಿ — ಏನಂದೆ, ಕೇಳಿಸ್ಲಿಲ್ಲ ಮರಿ, ಅವಳು ಮುಂದಕ್ಕೆ ಬಾಗಿದಳು, ಕೈ ಕಿವಿಯ ಹಿಂದಕ್ಕೆ ಹೋಯಿತು, ಮಿಷನ್ನಿಗೆ ಒಂದು ಪುಟ್ಟ ಗುಂಡಿಯಿದೆ, ಹೆಬ್ಬೆರಳು ತೋರುಬೆರಳು ಸೇರಿದವು, ಮೆಲ್ಲಗೆ ತಿರುಗಿಸಿದಳು, ಅದೇ ಬೆರಳು, ಉದ್ದ ಉಗುರಿನ ಅದೇ ಬೆರಳು, ಹೆತ್ತವಳ ಕೈಯಲ್ಲದೆ ಇನ್ಯಾರ ಕೈ ಬಂದಿತ್ತು ಬುಗುರಿಗೆ, ಗಾಜು ಎಲ್ಲಿ, ಗಾಜಿಲ್ಲ, ಎದುರಿಗೇ ಇದೆ, ತಪ್ಪು. ಅವನ ಕೈ ಮೇಜನ್ನು ಬಡಿಯಿತು. ನ ಎನ್ನಲು ನಾಲಿಗೆ ಹಲ್ಲಿನ ಹಿಂದಕ್ಕೆ ಹೋಗಿತ್ತು, ಅಲ್ಲೇ ಅದನ್ನು ಹಲ್ಲಲ್ಲಿ ಕಚ್ಚಿ ಹಿಡಿದ, ರಕ್ತದ ಉಪ್ಪುಪ್ಪು ರುಚಿ ಬಂತು, ಬಿಡಲಿಲ್ಲ. ತಪ್ಪು. ಕೈ ಎತ್ತಿ ಎದೆಯ ಮೇಲೆ ಇಟ್ಟುಕೊಂಡ.

ತಪ್ಪಾ, ಅಕ್ಕ ಅಂದಳು, ಯಾರ ತಪ್ಪು, ನಿಂದಾ, ನಿಂದೇನೋ ಇದ್ರಲ್ಲಿ, ಅವನೇ ಅಲ್ವಾ ಬಂದು ನಿನ್ನ ಕೇಳ್ಕೊಂಡಿದ್ದು, ಅವನು ತಲೆಯಾಡಿಸಿದ, ಉಹೂಂ, ಉಹೂಂ, ಕೇಳಿದಳಲ್ಲ, ಕೊನೆಗೂ ಯಾರೋ ಕೇಳಿದರಲ್ಲ, ಕೇಳಿದವಳು ಇವಳೇ ಆದಳಲ್ಲ, ಕೇಳಿರ್ಲಿಲ್ವಾ, ಉಹೂಂ, ಹಾಗಾದ್ರೆ ಅವನು ಹೋಗ್ತೀನಿ ಅಂದಿರ್ಲೇ ಇಲ್ವಾ, ಉಹೂಂ, ಅವಳ ಬಾಯಿ ತೆರೆದೇ ಇದೆ, ಅಡುಗೆಮನೆಯಲ್ಲಿ ಮೇಡಂ ಏನೋ ಹೇಳಿ ಹೆಂಡತಿ ನಗುತ್ತಿದ್ದಾಳೆ, ಅಕ್ಕ ಎರಡು ಕೈಯಲ್ಲೂ ಕುರ್ಚಿಯ ಕೈ ಹಿಡಿದುಕೊಂಡು, ಈಗ ಹೊಡೆಯುತ್ತಾಳೆ, ಹೊಡಿ ಅಕ್ಕ, ಅವಳು ಅವನನ್ನು ನೋಡುತ್ತಲೇ ಇಲ್ಲ, ನನ್ನ ಕಂದ, ಎನ್ನುತ್ತಿದ್ದಾಳೆ, ನನ್ನ ಕಂದ ನನ್ನ ಬಿಟ್ಟು ಹೋಗ್ಬೇಕು ಅಂದಿರ್ಲೇ ಇಲ್ಲ, ಇಷ್ಟು ವರ್ಷ ಬೈದ್ನಲ್ಲೋ ನಿನ್ನ, ಒಳಗಿನ ಕೋಣೇಲಿ ಕೂಡಿ ಹಾಕಿದ್ನಲ್ಲೋ, ಅಳುತ್ತಿದ್ದಾಳೆ, ಅಳುವಿನ ಒಳಗೆ ಎಲ್ಲೋ ಮಗ ಸ್ಕೂಲಿನಿಂದ ಬಂದಾಗ ಬಾಗಿಲಲ್ಲಿ ನಿಂತವಳ ಮುಖವೂ ಇದೆ, ಅದನ್ನು ನೋಡಿ ಅವನಿಗೆ ತಡೆಯಲಾಗುತ್ತಿಲ್ಲ, ಆಮೇಲೆ ಅವಳು ಸೆರಗಿನಿಂದ ತನ್ನ ಮುಖ ಒರೆಸಿಕೊಂಡಳು, ಅದೇ ಸೆರಗಿನಿಂದ ಅವನ ಗಲ್ಲದ ಮೇಲಿನ ರಕ್ತ ಒರೆಸಿದಳು, ಒರಟಾಗಿ, ನೋಯುವ ಹಾಗೆ, ಪಾಪಿ, ಅಂದಳು, ನನ್ನ ಮರಿ, ಅಂದಳು, ಇನ್ನೊಂದ್ಸಲ ಹೇಳು, ಆ ಮಾತು ಇನ್ನೊಂದ್ಸಲ ಹೇಳು, ಸರಿಯಾಗಿ ಕೇಳಿಸ್ಕೊಳ್ತೀನಿ. ಇನ್ನೊಂದು ಸಲ ಎಂದರೆ ಮೊದಲಿನಿಂದ ಅಕ್ಕ, ಪ್ರೀತಿಯ ಜನರೇ ಎಂಬಲ್ಲಿಂದ, ಆ ಮಾತಿಗೆ ಬೇರೆ ದಾರಿಯಿಲ್ಲ, ಮತ್ತೆ ಆಚೆಯವರು ಬರಬೇಕು, ಬಾಗಿಲು ಬಡಿಯಬೇಕು, ಮತ್ತೆ ನಿನ್ನ ಮಗನನ್ನು ನಿನ್ನ ಕಣ್ಣ ಮುಂದೆಯೇ ಕೊಟ್ಟು ಆಮೇಲೆ, ಆಮೇಲೆಯೇ, ಅವಳು ಕಾಯುತ್ತಿದ್ದಾಳೆ, ಅವನು ಬಾಯಿ ತೆರೆದ, ದನಿ ಬರುತ್ತಿಲ್ಲ, ಅವಳು ಇನ್ನಷ್ಟು ಹತ್ತಿರ ಬಾಗಿದಳು, ಕೈ ಎತ್ತಿದಳು, ಕಿವಿಯ ಹಿಂದೆ, ಎರಡು ಬೆರಳು, ಇನ್ನೂ ಸ್ವಲ್ಪ ಎತ್ತಿಕೊಳ್ಳುತ್ತಿದ್ದಾಳೆ, ಎರಡು ಬೆರಳು, ಮೆಲ್ಲಗೆ, ಎರಡು ಬೆರಳು